ನಳಿಗೆಯ ಇನ್ನೊಂದು ತುದಿ

ಅಣ್ಣನ ಕೆಳತುಟಿಯ ನಟ್ಟನಡುವೆ ಹುಣಸೆ ಬೀಜದಷ್ಟು ಕಪ್ಪು ಕಲೆ ಇತ್ತು. ಹೊಸದಾಗಿ ನೋಡಿದವರು ಬೀಡಿ ಸೇದಿ ತುಟಿ ಸುಟ್ಟುಕೊಂಡಿದ್ದಾನೆ ಅಂದುಕೊಳ್ಳುತ್ತಿದ್ದರು. ಅಣ್ಣ ಬೀಡಿ ಮುಟ್ಟಿದವನಲ್ಲ. ಅದು ಮಟ್ಟದ ನಳಿಗೆಯ ಕಲೆ. ಇಪ್ಪತ್ತೈದು ಮೊಳ ಉದ್ದದ ಕರಿ ರಬ್ಬರ್ ನಳಿಗೆ ಅವನ ಹತ್ತಿರ ಇತ್ತು. ಒಂದು ತುದಿಯನ್ನು ಕೊಡದೊಳಗೆ ಬಿಟ್ಟು, ಇನ್ನೊಂದು ತುದಿಗೆ ಬಾಯಿ ಹಚ್ಚಿ ಜಗ್ಗಿ ನೀರು ತುಂಬಿಸುತ್ತಿದ್ದ. ನೀರು ಹಲ್ಲಿಗೆ ತಾಗಿದ ಕೂಡಲೇ ಬೆರಳಿನಿಂದ ಮುಚ್ಚಿ, ಎರಡೂ ತುದಿಗೆ ಗೇಣುದ್ದದ ಗಾಜಿನ ಕೊಳವೆ ಸಿಕ್ಕಿಸುತ್ತಿದ್ದ. ಗಾಜು ಮುದ್ದೇಬಿಹಾಳದ ಒಬ್ಬ ಕಂಪೌಂಡರ್ ಕೊಟ್ಟದ್ದು. ಇಪ್ಪತ್ತು ವರ್ಷ ದಿನಾ ಜಗ್ಗಿ ಜಗ್ಗಿ ರಬ್ಬರಿನ ಕಪ್ಪು ತುಟಿಗೆ ಇಳಿದಿತ್ತು. ತಂಗಿ ಸಣ್ಣವಳಿದ್ದಾಗ ಬೂದಿ ಹಚ್ಚಿ ತಿಕ್ಕಿ ನೋಡಿದ್ದಳು. ಹೋಗಲಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಬರೆದು ರೂಢಿ ಇಲ್ಲ. ಆದರೆ ಅಣ್ಣನ ಬಗ್ಗೆ ಬರೆಯಬೇಕಾದವನು ನಾನೇ. ಬೇರೆ ಯಾರು ಬರೆದರೂ ಅರ್ಧ ಮಾತ್ರ ಗೊತ್ತಾಗುತ್ತದೆ. ಉಳಿದ ಅರ್ಧ ನನ್ನ ಹತ್ತಿರ ಇದೆ.

ಅವನು ನನಗಿಂತ ಹನ್ನೊಂದು ವರ್ಷ ದೊಡ್ಡವನು, ಮನೆ ಕಟ್ಟುವ ಗೌಂಡಿ. ಅಪ್ಪ, ಅವ್ವ ಒಂದೇ ವರ್ಷದಲ್ಲಿ ಹೋದಾಗ ನನ್ನನ್ನೂ ತಂಗಿಯನ್ನೂ ಸಾಕಿದವನು ಅವನು. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು; ಮತ್ತೆ ಲಗ್ನ ಆಗಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ತಾನೇ ಬಡಿಯುತ್ತಿದ್ದ. ಗೌಂಡಿ ಬಡಿದ ರೊಟ್ಟಿ ಅಂತ ಓಣಿಯ ಹೆಂಗಸರು ನಗುತ್ತಿದ್ದರು. ರೊಟ್ಟಿ ಮಾತ್ರ ಎಲ್ಲ ಕಡೆ ಒಂದೇ ಸಮ ಇರುತ್ತಿತ್ತು.

ನಮ್ಮ ಊರು ಕೃಷ್ಣೆಯ ದಂಡೆಯಲ್ಲಿ, ತಂಗಡಗಿಗೆ ನಡೆದು ಹೋಗುವಷ್ಟು ಹತ್ತಿರ. ನಮ್ಮಲ್ಲಿ ಮಳೆಗೂ ಹೊಳೆಗೂ ಸಂಬಂಧ ಇಲ್ಲ. ಮಳೆ ದೂರದ ಘಟ್ಟದ ಮೇಲೆ ಬೀಳುತ್ತದೆ. ಇಲ್ಲಿ ಬಿಸಿಲಲ್ಲಿ ಕಣಕ್ಕೆ ಸೆಗಣಿ ಸಾರಿಸುತ್ತಿರುವಾಗಲೇ ಕೆಂಪು ನೀರು ದಂಡೆ ಹತ್ತಿ ಬರುತ್ತದೆ. ಅಣ್ಣ ಹರೆಯದಲ್ಲಿದ್ದಾಗ ಹಾಗೆ ಒಂದು ದೊಡ್ಡ ಹೊಳೆ ಬಂದಿತ್ತಂತೆ. ನೀರು ಇಳಿದ ದಿನ ಊರಿನವರೆಲ್ಲ ತಮ್ಮ ತಮ್ಮ ಗಂಗಾಳ, ಚರಿಗೆ ಹುಡುಕುತ್ತಿದ್ದರೆ ಇವನು ಉಳಿ ಸುತ್ತಿಗೆ ಹಿಡಿದು ಹೊಳೆದಂಡೆಯ ಹಣಮಪ್ಪನ ಗುಡಿಗೆ ಹೋದ. ಕಲ್ಲಿನ ಕಂಬದ ಮೇಲೆ ಕೆಸರಿನ ಗೆರೆ ಇನ್ನೂ ಹಸಿ ಇತ್ತು. ಆ ಗೆರೆಯ ಮೇಲೇ ಬೆರಳುದ್ದದ ಗೀರು ಕಡಿದ. ಪೂಜಾರಿ ಬೈದನಂತೆ: “ದೇವರ ಕಂಬಕ್ಕ ಉಳಿ ಹಚ್ಚತಿ, ಬುದ್ಧಿ ಐತೇನೋ ನಿನಗ?” ಅಣ್ಣ ಅಂದನಂತೆ, “ಹಣಮಪ್ಪ ನೋಡ್ಯಾನ, ನೀವೂ ನೋಡೀರಿ. ಆದ್ರ ನೀವು ಮರೀತೀರಿ.”

ಅಂದಿನಿಂದ ಅವನು ಕಟ್ಟಿದ ಪ್ರತಿ ಮನೆಯೂ ಆ ಗೀರಿನಿಂದ ಶುರುವಾಗುತ್ತಿತ್ತು. ಹೊಸ್ತಿಲು ಗೀರಿಗಿಂತ ಒಂದು ಮೊಳ ಮೇಲೆ ಇರಬೇಕು. ಎರಿಯ ಕಪ್ಪು ಮಣ್ಣಿನ ಮೇಲೆ ಪಾಯ ಹಾಕಬಾರದು; ಕೆಳಗೆ ಗಟ್ಟಿ ಗರಸು ಸಿಗುವ ತನಕ ಅಗೆಯಬೇಕು. ಗೀರಿನ ಕೆಳಗಿನ ಕಲ್ಲೆಲ್ಲ ಸುಣ್ಣದ ಗಚ್ಚಿನಲ್ಲಿ ಕೂರಬೇಕು, ಮೇಲೆ ಬೇಕಾದರೆ ಮಣ್ಣು ನಡೆಯುತ್ತದೆ. ಹಿತ್ತಲ ಗೋಡೆಗೆ ಬುಡದಲ್ಲಿ ತೂತು ಬಿಡಬೇಕು. “ತಡದ್ರ ನೀರು ಸಿಟ್ಟಿಗೇಳತೈತಿ. ಹಾದು ಹೋಗು ಅಂದ್ರ ಹಾದು ಹೋಗತೈತಿ,” ಅನ್ನುತ್ತಿದ್ದ. ಕೆಳಗಿನ ಓಣಿಯಲ್ಲಿ ಜೋಳ ತುಂಬಲು ನೆಲದೊಳಗೆ ಹಗೇವು ತೋಡಿಸಲಿಕ್ಕೆ ಯಾರಾದರೂ ಕರೆದರೆ ಹೋಗುತ್ತಲೇ ಇರಲಿಲ್ಲ.

ಎಪ್ಪತ್ತೆರಡರ ಬರ ಬಂದಾಗ ಊರು ಅವನನ್ನು ಆಡಿಕೊಂಡು ನಕ್ಕಿತು. ಹೊಳೆಯಲ್ಲಿ ಮರಳು ಕಾಣುತ್ತಿತ್ತು, ಚಿಲುಮೆ ತೋಡಿ ಕುಡಿಯುವ ನೀರು ಹಿಡಿಯುತ್ತಿದ್ದೆವು. ಅಗಸಿ ಕಟ್ಟೆಯ ಮೇಲೆ ಕೂತವರು ಕರೆದು ಕೇಳುತ್ತಿದ್ದರು: “ಏನಪಾ ಗೌಂಡಿ, ಕುಡಿಯಾಕ ನೀರಿಲ್ಲ, ನೀ ನೀರಿಗೆ ಹೆದರಿ ಕಟ್ಟಿ ಏರಸಾಕತ್ತೀಯಲ್ಲೋ!” ಅಣ್ಣ ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ. “ಹೊಳಿ ಊರಿಗೆ ಹೋಗೇತ್ರಿ. ಬರತೈತಿ,” ಅನ್ನುತ್ತಿದ್ದ.

ಒಮ್ಮೆ ಊರಿನಲ್ಲಿ ಹುಡುಗರು ಕಲಿಯುವ ಸಾಲಿಯ ಕೋಣೆ ಕಟ್ಟಲು ಒಬ್ಬ ಓವರ್‌ಸಿಯರ್ ನೀಲಿ ನಕ್ಷೆ ತಂದಿದ್ದರು. ಪಾಯದ ಎತ್ತರ ಎರಡು ಫೂಟು ಎಂದು ಬರೆದಿತ್ತು. ಅಣ್ಣ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: “ಎಲ್ಲಾ ಛಲೋ ಐತ್ರಿ ಸಾಹೇಬ್ರ. ಇದರಾಗ ಹೊಳಿ ಎಲ್ಲೈತ್ರಿ?” ಅವರು ನಕ್ಕರು. ಆಮೇಲೆ ಗುಡಿಯ ಕಂಬ ನೋಡಿದರು. ನಗು ನಿಂತಿತು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಂಡಿಯೂರಿ ನಳಿಗೆಯ ತುದಿ ಹಿಡಿದರು. ಸಾಲಿಯ ಕೋಣೆಯ ಪಾಯ ಐದೂವರೆ ಫೂಟು ಆಯಿತು. ಹೋಗುವಾಗ ಅಣ್ಣನ ಮಾತುಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು ಹೋದರು. ಅಣ್ಣ ಅವತ್ತು ಊಟಕ್ಕೆ ಕೂತಾಗ, “ಬರಕೊಂಡ್ರೋ,” ಎಂದು ಎರಡು ಸಲ ಅಂದ. ಅಷ್ಟೇ.

ಈಗ ನಳಿಗೆಯ ಕೆಲಸ ಹೇಗೆ ಅಂತ ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಅರ್ಥ ಆಗುವುದಿಲ್ಲ. ನೀರು ತುಂಬಿದ ನಳಿಗೆಯ ಎರಡೂ ತುದಿಯಲ್ಲಿ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ, ನಡುವೆ ತಗ್ಗಿರಲಿ ದಿನ್ನೆ ಇರಲಿ. ಅಣ್ಣ ಒಂದು ತುದಿಯನ್ನು ಕಂಬದ ಗೀರಿಗೆ ಹಿಡಿಯುವನು. ನಾನು ಇನ್ನೊಂದು ತುದಿ ಹಿಡಿದು ಇಪ್ಪತ್ತು ಮೊಳ ದೂರದ ಗೂಟದ ಹತ್ತಿರ ನಿಲ್ಲುವೆ. ಗೀರಿಗೆ ಸರಿಯಾಗಿ ನೀರು ನಿಂತಾಗ ಅವನು ಕೂಗುವನು, “ಬಂತೇನೋ?” ನನ್ನ ಗಾಜಿನಲ್ಲಿ ನೀರು ಅಲುಗಾಡುವುದು ನಿಂತ ಮೇಲೆ, ಅದು ಇದ್ದಲ್ಲಿ ಗೂಟಕ್ಕೆ ಇದ್ದಿಲಿನ ಗೆರೆ ಎಳೆದು ನಾನು ಕೂಗುವೆ, “ಬಂತಣ್ಣಾ!” ಮುಂದೆ ಆ ಗೂಟದಿಂದ ಇನ್ನೊಂದು ಗೂಟಕ್ಕೆ. ಹೀಗೆ ಗೂಟದಿಂದ ಗೂಟಕ್ಕೆ ಹೊಳೆಯ ಗುರುತನ್ನು ಯಾವ ಮನೆಯ ತನಕ ಬೇಕಾದರೂ ಒಯ್ಯಬಹುದು. ಒಬ್ಬನಿಂದ ಆಗುವ ಕೆಲಸ ಅಲ್ಲ. ಈ ತುದಿಯವನಿಗೆ ಆ ತುದಿಯ ಗಾಜು ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ.

“ಕಣ್ಣು ಸುಳ್ಳು ಹೇಳತೈತಿ, ನೀರು ಹೇಳೂದಿಲ್ಲ,” ಅನ್ನುವುದು ಅಣ್ಣನ ಮಾತು. ನೀರಿಗೂ ಅವನಿಗೂ ನಡುವೆ ನಾನಿದ್ದೆ ಎಂಬುದು ಅವನಿಗೆ ಯಾವತ್ತೂ ಹೊಳೆಯಲಿಲ್ಲ.

ತಂಗಿಯನ್ನು ನಮ್ಮ ಊರಿಗೇ ಕೊಟ್ಟಿದ್ದೆವು. ಅವಳ ಗಂಡನ ಮನೆ ಕೆಳಗಿನ ಓಣಿಯಲ್ಲಿ. ಹಳೆಯ ಮಾಳಿಗೆ ಕುಸಿದು, ಬರ ಮುಗಿದ ಮರುವರ್ಷದ ಬೇಸಿಗೆಗೆ ಹೊಸ ಮನೆ ಶುರುವಾಯಿತು. ತಂಗಿಯ ಅತ್ತೆಗೆ ಕಣ್ಣು ಮಂಜು, ಮೊಣಕಾಲು ನೋವು, ಬಾಯಿ ಮಾತ್ರ ಜೋರು. ಪಾಯ ಏರುತ್ತಿದ್ದಂತೆ ಕೈಯಿಂದ ಮುಟ್ಟಿ ಮುಟ್ಟಿ ನೋಡಿ ಅನ್ನುತ್ತಿದ್ದಳು: “ಏನೋ ಗೌಂಡಿ, ಮನಿ ಕಟ್ಟಾಕತ್ತೀಯೋ ಕ್ವಾಟಿ ಕಟ್ಟಾಕತ್ತೀಯೋ? ಏಣಿ ಹಚ್ಚಿ ನನ್ನ ಏರಸಾಂವ ಯಾರು, ನೀ ಏರಸತೀಯೇನು?”

“ಹೆಗಲ ಮ್ಯಾಲ ಹೊತಗೊಂಡು ಏರಸತೇನಿ ಬಾ ಅತ್ತಿ. ನೀ ದಿನಾ ಏರತಿ. ಹೊಳಿ ಒಮ್ಮೆ ಏರತೈತಿ.”

“ನೋಡ್ರೆವ್ವಾ, ಮಾತಿಗೊಂದು ಮಾತು ಇವಂದು!” ಅಂತ ಮುದುಕಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಣ್ಣನ ಮೇಲೆ ಅವಳಿಗೆ ಭಾಳ ಪ್ರೀತಿ. ಮಕ್ಕಳಿಲ್ಲದ ಗೌಂಡಿ ಅಂತ ಮಜ್ಜಿಗೆ ಕುಡಿಸದೆ ಕಳಿಸುತ್ತಿರಲಿಲ್ಲ.

ಪಾಯ ಅರ್ಧಕ್ಕೆ ಬಂದಾಗ ಗೊಳಸಂಗಿಯಿಂದ ಬಾವಿಯ ಮೆಟ್ಟಿಲು ಕಟ್ಟುವ ಕೆಲಸ ಬಂತು. ಬಾವಿ ಬತ್ತಿದಾಗಲೇ ಮಾಡಬೇಕಾದ ಕೆಲಸ, ಅಣ್ಣ ಹೋಗಬೇಕಾಯಿತು. ಹೋಗುವ ಮುಂದೆ ಒಂದು ಕಣ್ಣು ಮುಚ್ಚಿ ಗುಡಿಯ ಕಡೆ ನೋಡಿ ನನಗೆ ಹೇಳಿದ: “ಇನ್ನ ಮೂರು ಸಾಲು ಕಲ್ಲು ಏರಬೇಕು. ಕ್ವಾರಿಯಿಂದ ಕಲ್ಲು ತಂದು ಏರಿಸಿರು. ನಾ ಬಂದು ನಳಿಗಿ ಹಿಡದು ನೋಡತೇನಿ.”

ನಾನು ಕಲ್ಲು ತರಲಿಲ್ಲ. ಆ ಬೇಸಿಗೆ ಪಕ್ಕದ ಊರಿನಲ್ಲಿ ದೊಡ್ಡಾಟ ಕೂಡಿಸುತ್ತಿದ್ದರು. ನನಗೊಂದು ದೂತನ ಪಾತ್ರ ಕೊಟ್ಟಿದ್ದರು, ಎರಡೇ ಮಾತಿನ ಪಾತ್ರ. ಆ ಎರಡು ಮಾತಿಗಾಗಿ ಇಪ್ಪತ್ತು ದಿನ ತಾಲೀಮಿಗೆ ಹೋದೆ, ಹಗಲೆಲ್ಲ ಗುಡಿಯ ನೆರಳಲ್ಲಿ ಮಲಗಿದೆ. ಗಾಡಿ ಬಾಗಿಲಲ್ಲೇ ನಿಂತಿತ್ತು. ಇಷ್ಟು ಸಣ್ಣ ಕಾರಣ. ದೊಡ್ಡ ಕಾರಣ ಇದ್ದಿದ್ದರೆ ಬರೆಯಲು ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಈ ನಡುವೆ ಐನೋರು ಬಾಗಿಲ ಚೌಕಟ್ಟು ನಿಲ್ಲಿಸಲು ಮುಹೂರ್ತ ಕೊಟ್ಟರು. ನಮ್ಮ ಕಡೆ ಮನೆ ಕಟ್ಟುವುದರಲ್ಲಿ ಇದು ದೊಡ್ಡ ಕಾರ್ಯ. ಚೌಕಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಹೊಸ್ತಿಲ ಕೆಳಗೆ ನವಧಾನ್ಯ ಇಟ್ಟು ನಿಲ್ಲಿಸಿದ ಮೇಲೆ ಅದನ್ನು ಕೀಳುವಂತಿಲ್ಲ. ಕಿತ್ತರೆ ಮನೆ ಮುರಿದಂತೆ. ಆ ಮುಹೂರ್ತ ತಪ್ಪಿದರೆ ಆಷಾಢ ಬರುತ್ತದೆ, ಮುಂದೆ ನಾಲ್ಕು ತಿಂಗಳು ಒಳ್ಳೆಯ ದಿನ ಇಲ್ಲ. ತಂಗಿ ಬಸುರಿ; ಹೊಸ ಮನೆಯಲ್ಲೇ ಮೊಮ್ಮಗನ ತೊಟ್ಟಿಲು ಕಟ್ಟಬೇಕು ಅಂತ ಮುದುಕಿಯ ಹಟ. “ಸಣ್ಣಣ್ಣಾ, ಪಾಯ ಸರಿ ಆಗತೈತಲ್ಲ?” ಅಂತ ತಂಗಿ ಕೇಳಿದಾಗ ನಾನು “ಆಗೇ ಬಿಟ್ಟೈತಿ ತಗೀ,” ಅಂದಿದ್ದೆ.

ಮುಹೂರ್ತದ ಹಿಂದಿನ ದಿನ ಅಣ್ಣ ಗೊಳಸಂಗಿಯಿಂದ ನಡೆದು ಬಂದ. ಕಾಲು ತೊಳೆಯುವ ಮೊದಲೇ ನಳಿಗೆ ತೆಗೆದ. ಗುಡಿಯಿಂದ ಶುರು ಮಾಡಿದೆವು. ಎಂಟು ಗೂಟ ಸರಿಯಾಗಿ ಹಿಡಿದೆ. ಒಂಬತ್ತನೆಯದು ತಂಗಿಯ ಮನೆಯ ಪಾಯಕ್ಕಿಂತ ಎತ್ತರ ನಿಲ್ಲಿಸಿದ್ದ ಮೂಲೆಗಲ್ಲು. ಓಣಿಯ ತಿರುವಿನ ಆಚೆ ಇತ್ತು, ಅಣ್ಣನಿಗೆ ನಾನು ಕಾಣುತ್ತಿರಲಿಲ್ಲ. ಗಾಜಿನಲ್ಲಿ ನೀರು ಪಾಯದ ಮೇಲಿನ ಸಾಲಿಗಿಂತ ಗೇಣು ಮೇಲೆ ಬಂದು ನಿಂತಿತು. ಅಂದರೆ ಅಣ್ಣನ ಕಣ್ಣಿನ ಲೆಕ್ಕ ಸರಿ ಇತ್ತು. ಗೀರಿನ ಮೇಲೆ ಇರಬೇಕಾದ ಒಂದು ಮೊಳವೂ ಸೇರಿ ಒಂದೂವರೆ ಮೊಳ, ಮೂರು ಸಾಲು ಕಡಿಮೆ.

“ಬಂತೇನೋ?”

ನಾನು ಗೆರೆಯನ್ನು ಒಂದೂವರೆ ಮೊಳ ಕೆಳಗೆ, ಕಲ್ಲಿನ ಮೇಲೆ ಉಳಿಯಿಂದ ಗೀಚಿದೆ.

“ಬಂತಣ್ಣಾ!”

ಅಣ್ಣ ತಿರುವು ದಾಟಿ ಬಂದು ಗೆರೆ ನೋಡಿದ. ಪಾಯ ನೋಡಿದ. ತಲೆ ಕೆರೆದುಕೊಂಡ.  ಇನ್ನೊಮ್ಮೆ ಹಿಡಿಯೋಣ ಅಂದರೆ ಮುಗಿಯಿತು ಅಂದುಕೊಂಡೆ. ಅವನು ಅಂದದ್ದು ಇಷ್ಟು: “ನಾ ಮೂರು ಸಾಲು ಬೇಕು ಅಂದಿದ್ದೆ. ಕಣ್ಣು ತಪ್ಪಿತು ನೋಡು. ನೀರನ್ನ ಕೇಳಿದ್ದು ಛಲೋ ಆತು.”

ತನ್ನ ಕಣ್ಣನ್ನು ಬಿಟ್ಟು ನನ್ನ ಬಾಯನ್ನು ನಂಬಿದ.

ಮರುದಿನ ಚೌಕಟ್ಟು ನಿಂತಿತು. ಮುದುಕಿ ಹೊಸ್ತಿಲನ್ನು ಸವರಿ, “ಏರಾಕ ಬರತೈತಿ ಬಿಡೋ ಗೌಂಡಿ, ಮೊಣಕಾಲಿನ ಮ್ಯಾಲ ಕರುಣಾ ಬಂತು ನಿನಗ,” ಅಂದಳು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆಮೇಲೆ ಅವನು ಗುಡಿಯ ಮೆಟ್ಟಿಲ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಆ ಮನೆಯ ಕಡೆ ನೋಡುವುದನ್ನು ಆಗಾಗ ಕಂಡೆ. ಒಮ್ಮೆ ಕೇಳಿಯೂ ಕೇಳಿದ: “ತಂಗೀ ಮನಿ ತಗ್ಗ ಕಾಣತೈತಲ್ಲೋ?”

“ದೂರದಿಂದ ಹಂಗ ಕಾಣತೈತಿ ಬಿಡಣ್ಣಾ.”

“ಹೌದೇನೋ. ಕಣ್ಣು ಸೋಲಾಕತ್ತಾವ,” ಅಂದ. ಆಗಿನಿಂದ ಗೋಡೆ ನೆಟ್ಟಗಿದೆಯೇ ಅಂತಲೂ ತೂಕದ ಗುಂಡು ಬಿಟ್ಟು ನೋಡತೊಡಗಿದ. ಮೊದಲು ಬರಿಗಣ್ಣಿನಲ್ಲಿ ನೂಲು ಹಿಡಿದಂತೆ ಗೋಡೆ ಎತ್ತುತ್ತಿದ್ದವನು.

ಎರಡನೆಯ ಶ್ರಾವಣದಲ್ಲಿ ಹೊಳೆ ಬಂತು. ಬೆಳಿಗ್ಗೆ ನೋಡಿದಾಗ ಗುಡಿಯ ಮೊದಲ ಮೆಟ್ಟಿಲು ಮುಳುಗಿತ್ತು. ಮಧ್ಯಾಹ್ನ ಕೆಳಗಿನ ಓಣಿಯಲ್ಲಿ ಮೊಣಕಾಲು ನೀರು. ಅಣ್ಣ ಮನೆ ಮನೆಗೆ ತಿರುಗಿ ಯಾರು ಇರಬಹುದು, ಯಾರು ಏಳಬೇಕು ಅಂತ ಹೇಳುತ್ತಿದ್ದ. ತಾನು ಕಟ್ಟದ ಮನೆಗಳವರನ್ನೆಲ್ಲ ಸಾಲಿಯ ಕೋಣೆಗೆ ಕಳಿಸಿದ. ತಂಗಿಯ ಮನೆಗೆ ಬಂದಾಗ ನಾನು ಜೊತೆಗಿದ್ದೆ. ತಂಗಿಯ ಗಂಡ ಎತ್ತುಗಳನ್ನು ಮೇಲಿನ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದ. ತಂಗಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿದ್ದಳು. ಮುದುಕಿ ಒಳಗೆ ಹೊರಸಿನ ಮೇಲೆ ಕೂತೇ ಕೇಳಿದಳು: “ಗೌಂಡಿ, ನಾನೂ ಏಳಬೇಕೇನೋ? ಈ ಕಾಲಿಲೆ ನೀರಾಗ ಹ್ಯಾಂಗ ಬರಲೋ ನಾ?”

ಅಣ್ಣ ಹೊಸ್ತಿಲು ನೋಡಿದ. “ಬ್ಯಾಡತ್ತಿ. ಹೊಳಿ ಎಷ್ಟು ಬಂದ್ರೂ ಈ ಹೊಸ್ತಿಲಾ ದಾಟೂದಿಲ್ಲ. ಕೂಸಿಗೆ ಥಂಡಿ, ಅದನ್ನ ತಂಗಿ ಸಾಲಿಗೆ ಒಯ್ಯಲಿ. ನೀ ಇಲ್ಲೇ ಬೆಚ್ಚಗ ಕೂಡು.”

ಆಗ ಹೇಳಬೇಕಿತ್ತು. ಅಣ್ಣ, ಈ ಹೊಸ್ತಿಲು ತಗ್ಗು ಐತಿ, ನಾ ಸುಳ್ಳು ಹೇಳಿದ್ದೆ, ಮುದುಕಿಯನ್ನು ಎತ್ತು. ಮೂರು ಮಾತು. ದೊಡ್ಡಾಟದಲ್ಲಿ ಎರಡು ಮಾತನ್ನು ತಪ್ಪದೆ ಒಪ್ಪಿಸಿದ್ದ ನಾಲಿಗೆಗೆ ಈ ಮೂರು ಮಾತು ಬರಲಿಲ್ಲ. ಗೀರಿನ ತನಕ ನೀರು ಬರಲಿಕ್ಕಿಲ್ಲ ಅಂದುಕೊಂಡೆ. ಭಾವನಿಗೆ ಎತ್ತು ಹೊಡೆಯಲು ನೆರವಾಗುತ್ತೇನೆ ಅಂತ ಹೇಳಿ ಹೊರಟು ಹೋದೆ.

ನೀರು ಗೀರಿಗೆ ಎರಡು ಬೆರಳು ಕಡಿಮೆ ಬಂದು ನಿಂತಿತು. ಅಣ್ಣ ಹೇಳಿದಂತೆ ಕಟ್ಟಿದ್ದರೆ ಹೊಸ್ತಿಲ ಮುಂದಿನ ರಂಗೋಲಿಯೂ ಅಳಿಸುತ್ತಿರಲಿಲ್ಲ. ತಂಗಿಯ ಮನೆಯಲ್ಲಿ ಮಾತ್ರ ಗೇಣಿಗೆ ಹತ್ತಿರ ನೀರು ಹೊಕ್ಕಿತು. ಹೊಸ್ತಿಲ ಮೇಲಿನದು ಮಣ್ಣಿನ ಗೋಡೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಕರಗಿ ಕೂತಿತು. ಪಕ್ಕದ ಮಾಳಿಗೆಯ ಮೇಲೆ ನಿಂತವರು ಹಗ್ಗ ಎಸೆದು ಕೂಗಿದ್ದರಂತೆ. ಮುದುಕಿ ಒಳಗಿನಿಂದ, “ನಮ್ಮ ಗೌಂಡಿ ಹೇಳ್ಯಾನ, ದಾಟೂದಿಲ್ಲ ಅಂತ,” ಅಂದಳಂತೆ. ಅವಳ ಕಡೆಯ ಮಾತು ಅದೇ.

ನೀರು ಇಳಿದ ಮೇಲೆ, ಮುದುಕಿಯ ಮಣ್ಣು ಮುಗಿಸಿ ಬಂದು, ಅಣ್ಣ ನಳಿಗೆ ತೆಗೆದ. ನನಗೆ ಅಂದ, “ಆ ತುದಿ ಹಿಡಿ.” ಒಂಬತ್ತು ಗೂಟ. ಈ ಸಲ ನಾನು ನೀರು ನಿಂತಲ್ಲೇ ಗೆರೆ ಎಳೆದೆ. ತಿರುವು ದಾಟಿ ಬಂದ. ಮೂಲೆಗಲ್ಲಿನ ಮೇಲೆ ಈಗ ಎರಡು ಗೆರೆ ಇದ್ದವು, ಹಳೆಯದು ಒಂದೂವರೆ ಮೊಳ ಕೆಳಗೆ. ಅವನು ಎರಡನ್ನೂ ಬೆರಳಿನಿಂದ ಮುಟ್ಟಿದ. ನನ್ನ ಮುಖ ನೋಡಲಿಲ್ಲ. ನಳಿಗೆಯ ನೀರು ಚೆಲ್ಲಿ, ಸುರುಳಿ ಸುತ್ತಿ, ಹೆಗಲಿಗೆ ಹಾಕಿಕೊಂಡು ನಡೆದ. ಆಮೇಲೆ ಬಂದು ಆ ಹಳೆಯ ಗೆರೆಯನ್ನು ಉಳಿಯಿಂದ ಕೆತ್ತಿ ಅಳಿಸಿ ಹೋಗಿದ್ದನ್ನು ನಾನೇ ನೋಡಿದೆ.

ಹಿರಿಯರು ಗುಡಿಯಲ್ಲಿ ಸೇರಿದರು. ಭಾವ ಅಳುತ್ತ, “ನಮ್ಮವ್ವನ್ನ ಕೂಡಿಸಿ ಕೊಂದ,” ಅಂದ. ಒಬ್ಬರು ಅಣ್ಣನನ್ನು ಕೇಳಿದರು: “ಮಟ್ಟ ಹಿಡದಾಂವ ಯಾರಪಾ?”

“ನಾನರಿ.”

“ಒಬ್ಬನೇ ಹಿಡಿಯೂದಲ್ಲ ಅದು. ಇನ್ನೊಂದು ತುದಿ?”

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬೆನ್ನಿಗೆ ಅದೇ ಗೀರು ತಾಗುತ್ತಿತ್ತು.

“ತುದಿ ಯಾರ ಹಿಡದ್ರೂ ಮಟ್ಟ ಗೌಂಡೀದ್ರಿ,” ಅಂದ ಅಣ್ಣ. “ಮಟ್ಟ ತಪ್ಪೇತಿ. ತಪ್ಪು ನಂದು.”

ತಂಗಿ ಎಲ್ಲರ ಮುಂದೆ ಅವನಿಗೆ ಹೇಳಿದಳು, “ಇನ್ನ ಪಂಚಮಿಗೆ ನನ್ನ ಕರಿಯಾಕ ಬರಬ್ಯಾಡ. ನನಗ ತವರಿಲ್ಲ.” ಅಣ್ಣ ತಲೆ ಅಲ್ಲಾಡಿಸಿದ. ನಾನು ಆಗಲೂ ಬಾಯಿ ಬಿಡಲಿಲ್ಲ.

ಮುಂದೆ ಅವನನ್ನು ಊರಿನಲ್ಲಿ ಯಾರೂ ಕರೆಯಲಿಲ್ಲ. ದನದ ಮೇವಿನ ಗ್ವಾದಲಿ ಕಟ್ಟಲಿಕ್ಕೂ ಕರೆಯಲಿಲ್ಲ. ವಿಚಿತ್ರ ಅಂದರೆ, ಅವನು ಕಟ್ಟಿದ ಉಳಿದ ಮನೆಗಳೆಲ್ಲ ಒಣಗಿದ್ದವು; ಅವುಗಳಲ್ಲೇ ಕೂತು ಜನ ಅವನನ್ನು ಬೈದರು. ತಂಗಿಯ ಮನೆಯನ್ನು ಹೊಸದಾಗಿ ಕಟ್ಟಲು ಮುದ್ದೇಬಿಹಾಳದ ಗೌಂಡಿ ಬಂದ. ನಾನು ಅವನಿಗೆ ಗುಡಿಯ ಗೀರು ತೋರಿಸಿದೆ. ಈಗ ಆ ಮನೆಗೆ ಏಳು ಮೆಟ್ಟಿಲು. ಅಷ್ಟರಲ್ಲಿ ಅಣ್ಣ ಒಂದು ಚೀಲ, ನಳಿಗೆ ತೆಗೆದುಕೊಂಡು ಸಿಂದಗಿ ಕಡೆ ಹೋದ. ಹೋಗುವಾಗ ನನಗೆ ಹೇಳಿದ್ದು, “ಒಲಿ ಮ್ಯಾಲಿನ ಬ್ಯಾಳಿ ಸೀದೀತು, ನೋಡು,” ಅಂತ.

ಒಂದು ವರ್ಷದ ಮೇಲೆ ಹೇಳಿಬಿಡಬೇಕು ಅಂತ ಹುಡುಕಿಕೊಂಡು ಹೋದೆ. ಯಂಕಂಚಿ ಸೀಮೆಯಲ್ಲಿ ಒಂದು ಹಳ್ಳದ ದಂಡೆಗೆ ಕೆಲಸ ಮಾಡುತ್ತಿದ್ದಾನೆ ಅಂದರು. ಬಯಲು ಭೂಮಿ, ದೂರದಿಂದಲೇ ಕಂಡ. ಏನು ಮಾಡುತ್ತಿದ್ದಾನೆ ಅಂತ ಮೊದಲು ತಿಳಿಯಲಿಲ್ಲ. ನಳಿಗೆಯ ಒಂದು ತುದಿಯನ್ನು ಗೂಟಕ್ಕೆ ಕಟ್ಟಿದ್ದ. ಇನ್ನೊಂದು ತುದಿಯನ್ನು ಇಪ್ಪತ್ತು ಮೊಳ ದೂರ ಇನ್ನೊಂದು ಗೂಟಕ್ಕೆ ಕಟ್ಟಿದ್ದ. ಈ ತುದಿಗೆ ಬಂದು ಬಗ್ಗಿ ನೋಡುವನು, ಗಂಟು ಸಡಿಲಿಸಿ ಬೆರಳಷ್ಟು ಏರಿಸುವನು. ಆ ತುದಿಗೆ ನಡೆದು ಹೋಗಿ ಬಗ್ಗಿ ನೋಡುವನು. ಮತ್ತೆ ಈ ತುದಿಗೆ. ಒಂದು ಗೂಟಕ್ಕೆ ಹತ್ತು ಹನ್ನೆರಡು ಸಲ. ಸುತ್ತ ಯಾರೂ ಇಲ್ಲ. ಅವನ ತುಟಿ ಅಲುಗಾಡುತ್ತಿತ್ತು. ಹತ್ತಿರ ಹೋದ ಮೇಲೆ ಕೇಳಿಸಿತು, ತಾನೇ ಕೇಳಿ ತಾನೇ ಹೇಳುತ್ತಿದ್ದ, ಮೆಲ್ಲಗೆ: “ಬಂತೇನೋ? ... ಬಂತು.”

ನನ್ನನ್ನು ನೋಡಿ, “ಉಂಡೀಯೇನು?” ಅಂದ. ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟ. ಅದೇ ಸಮನಾದ ರೊಟ್ಟಿ. ತಂಗಿ ಹೇಗಿದ್ದಾಳೆ, ಕೂಸು ನಡೆಯುತ್ತದೆಯೇ ಅಂತ ಕೇಳಿದ. ನಾನು ಉಂಡು ಎದ್ದು ನಳಿಗೆಯ ತುದಿಗೆ ಕೈ ಹಾಕಿದೆ. “ಕೊಡಣ್ಣಾ, ಹಿಡೀತೇನಿ.”

“ನೀ ಕೂಡು,” ಅಂದ. “ನನಗ ರೂಢಿ ಆಗೇತಿ.”

ಸಿಟ್ಟಿನಿಂದ ಅಂದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆ. ಸಿಟ್ಟು ಇರಲಿಲ್ಲ. ಅದಕ್ಕೇ ನಾನು ತಂದ ಮಾತು ಹೇಳದೆ ಉಳಿಯಿತು. ಬದುವಿನ ಮೇಲೆ ಕೂತು ಸಂಜೆಯ ತನಕ ಅವನು ಆ ಕಡೆ ಈ ಕಡೆ ನಡೆಯುವುದನ್ನು ನೋಡಿದೆ. ನನ್ನನ್ನು ಇನ್ನು ನಂಬುವುದಿಲ್ಲ ಅಂತ ಹೀಗೆ ಹೇಳಿದ ಅಂದುಕೊಂಡು ಮೋಟಾರು ಹತ್ತಿ ಊರಿಗೆ ಬಂದೆ. ಮತ್ತೆ ಹೋಗಲಿಲ್ಲ.

ಸಾಲಿಯ ಕೋಣೆ ಕಟ್ಟಿಸಿದ ಓವರ್‌ಸಿಯರ್‌ಗೆ ಆ ಹೊತ್ತಿಗೆ ಇಂಡಿಗೆ ವರ್ಗ ಆಗಿತ್ತು. ಅವರು ಅಣ್ಣನನ್ನು ಹುಡುಕಿಸಿ ಭೀಮಾ ದಂಡೆಯ ಹಳ್ಳಿಗಳಿಗೆ ಕರೆದೊಯ್ದರು ಅಂತ ಸುದ್ದಿ ಬಂತು. ಆಮೇಲೆ ಸುದ್ದಿ ಇಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಕಾರ್ಡು ಬಂತು, ನಾಲ್ಕು ಸಾಲು. ಜ್ವರ ಬಂದು ತೀರಿಕೊಂಡರು, ಮಣ್ಣು ಮಾಡಿದ್ದೇವೆ, ಸಾಮಾನು ಇದೆ, ಬಂದು ಒಯ್ಯಿರಿ.

ಅವನು ಇದ್ದದ್ದು ಭೀಮಾ ದಂಡೆಯಲ್ಲಿ ಒಬ್ಬ ಕಮ್ಮಾರ ಸಾಹೇಬರ ಮನೆಯ ಪಡಸಾಲೆಯಲ್ಲಿ. ಸಾಹೇಬರು ನನ್ನನ್ನು ಮೊದಲು ಊರು ಸುತ್ತಿಸಿದರು. ಹದಿನಾಲ್ಕು ಮನೆ ತೋರಿಸಿದರು. ಎಲ್ಲಕ್ಕೂ ಎತ್ತರದ ಕಟ್ಟೆ, ಹಿತ್ತಲ ಗೋಡೆಯ ಬುಡದಲ್ಲಿ ತೂತು. ಮಸೀದಿಯ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಬೆರಳುದ್ದದ ಗೀರು. “ಹೋದ ವರ್ಷ ಹೊಳಿ ಬಂತ್ರಿ. ಒಂದು ಮನೀ ಬೀಳಲಿಲ್ಲ,” ಅಂದರು. ಆಮೇಲೆ ಪಡಸಾಲೆಯ ಗೂಟದಿಂದ ನಳಿಗೆ ತೆಗೆದು ನನ್ನ ಕೈಗೆ ಕೊಟ್ಟರು.

“ಒಬ್ಬರೇ ಮಟ್ಟ ಹಿಡೀತಿದ್ರು. ಯಾಕರಿ ಹಿಂಗ ಓಡಾಡತೀರಿ, ನಾ ಹಿಡೀತೇನಿ ಅಂದ್ರ ಕೊಡತಿರಲಿಲ್ಲ. ಒಮ್ಮೆ ಭಾಳ ಜುಲುಮಿ ಮಾಡಿ ಕೇಳಿದೆ. ‘ಬ್ಯಾಡ ಸಾಹೇಬ್ರ,’ ಅಂದ್ರು. ‘ತಪ್ಪಿತು ಅಂದ್ರ ಆ ತುದಿ ಹಿಡದಾಂವ ಸಾಯೂತನಕ ಹೊರಬೇಕಾಗತೈತಿ. ಒಬ್ಬಗ ಹೊರಿಸೇನಿ. ಸಾಕು.’ ಯಾರಿಗೆ ಹೊರಿಸಿದ್ರೋ, ಏನೋ. ಹೇಳಲಿಲ್ಲ.”

ನಾನೂ ಅವರಿಗೆ ಹೇಳಲಿಲ್ಲ. ಅವನ ಸಮಾಧಿಗೆ ಒಂದು ಚರಿಗೆ ನೀರು ಹಾಕಿ ಬಂದೆ.

ಆ ವರ್ಷದ ಪಂಚಮಿಗೆ ಕೊಬ್ಬರಿ ಬಟ್ಟಲು, ಉಂಡಿ ಕಟ್ಟಿಕೊಂಡು ತಂಗಿಯ ಮನೆಗೆ ಹೋದೆ. ಹೋದ ಕೂಡಲೇ ಅವಳು ಒಂದು ತಂಬಿಗೆ ನೀರು ತಂದು ಮುಂದೆ ಇಟ್ಟಳು, ಯಾವಾಗಲೂ ಇಡುವಂತೆ. ನಾನು ಅದನ್ನು ಮುಟ್ಟದೆ ಎಲ್ಲವನ್ನೂ ಹೇಳಿದೆ. ದೊಡ್ಡಾಟ, ಒಂಬತ್ತನೆಯ ಗೂಟ, ಹೊಸ್ತಿಲಲ್ಲಿ ನಿಂತು ಸುಮ್ಮನಿದ್ದದ್ದು, ಅಳಿಸಿದ ಗೆರೆ, ಸಾಹೇಬರ ಮಾತು.  ಮುಗಿದ ಮೇಲೆ ಅವಳು ಬಾಗಿಲ ಕಡೆ ನೋಡುತ್ತ ಅಂದಳು:

“ಊರು ಬಿಟ್ಟ ಮ್ಯಾಲೂ ಮೂರು ಪಂಚಮಿ ಬಂದಿದ್ದ. ನಿನಗ ಗೊತ್ತಿಲ್ಲ. ಅಷ್ಟು ದೂರದಿಂದ ಬಂದು ಕೆಳಗಿನ ಮೆಟ್ಟಿಲ ಮ್ಯಾಲ ನಿಂದರತಿದ್ದ. ನಾ ಕದಾ ತೆಗೀತಿರಲಿಲ್ಲ. ಕಡೀ ವರ್ಷ ನೀರು ಕೇಳಿದ, ‘ತಂಗೀ, ಒಂದು ತಂಬಿಗಿ ನೀರು ಕೊಡು,’ ಅಂತ. ಕೊಡಲಿಲ್ಲೋ. ಉಂಡಿ ಗಂಟು ಮೆಟ್ಟಿಲ ಮ್ಯಾಲ ಇಟ್ಟು ಹೋದ. ನಾ ಅದನ್ನ ಎಮ್ಮಿಗೆ ಹಾಕಿದೆ.”

ಎದ್ದಳು. ನನ್ನ ಮುಂದಿದ್ದ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಎದ್ದು ಹೊರಗೆ ಬಂದೆ. ಹಿಂದೆ ಅಗಳಿ ಬಿದ್ದ ಸಪ್ಪಳ ಕೇಳಿತು.

ಮಾರನೆಯ ದಿನ ಅವಳೇ ಗುಡಿಗೆ ಹಿರಿಯರನ್ನು ಕರೆಸಿ ಎಲ್ಲ ಹೇಳಿದಳಂತೆ. ಈಗ ಊರಿನಲ್ಲಿ ಯಾರು ಮನೆ ಕಟ್ಟಿದರೂ ಕಂಬದ ಗೀರಿನಿಂದಲೇ ಶುರು ಮಾಡುತ್ತಾರೆ, ಗೌಂಡಿಯ ಗೀರು ಅಂತಲೇ ಕರೆಯುತ್ತಾರೆ. ನಳಿಗೆ ನನ್ನ ಹತ್ತಿರ ಇದೆ, ಕೇಳಿದವರಿಗೆ ಕೊಡುತ್ತೇನೆ. ತುದಿ ಹಿಡಿ ಅಂತ ನನ್ನನ್ನು ಯಾರೂ ಕರೆಯುವುದಿಲ್ಲ.

ಪಂಚಮಿಗೆ ಮಾತ್ರ ತಪ್ಪದೆ ಹೋಗುತ್ತೇನೆ. ಏಳು ಮೆಟ್ಟಿಲಿನಲ್ಲಿ ಮೊದಲನೆಯದರ ಮೇಲೆ ನಿಲ್ಲುತ್ತೇನೆ. ಒಳಗೆ ಬಳೆ ಸಪ್ಪಳ, ಮೊರದ ಸಪ್ಪಳ ಕೇಳುತ್ತದೆ. ನೀರು ಕೇಳುವುದಿಲ್ಲ. ಉಂಡಿ ಗಂಟು ಇಟ್ಟು ಬರುತ್ತೇನೆ. ಅಣ್ಣ ಮೂರು ಸಲ ನಿಂತಿದ್ದ. ನನ್ನದು ಈ ವರ್ಷ ಐದನೆಯದು.